ನನ್ನ ಹಲ್ಲಿನ ನೋವನ್ನು ಕಸಿದುಕೊಂಡ ಟೂತ್‌ಪೇಸ್ಟಿಗೆ

ಮಾನ್ಯರೇ,

ಬಚ್ಚಲುಮನೆಯ ಕನ್ನಡಿಯ ಕೆಳಗೆ, ಬಾಚಣಿಗೆಗೂ ಸೋಪಿನ ಡಬ್ಬಿಗೂ ನಡುವೆ ತಲೆಕೆಳಗಾಗಿ ನಿಂತು ಜುಮ್ಮೆನ್ನುವ ಹಲ್ಲುಗಳ ಸೇವೆಗೈಯುತ್ತಿರುವ ತಮಗೆ, ಐಸ್‌ಕ್ರೀಮ್ ಕಾರ್ಖಾನೆಯ ಮಾಜಿ ಕಚ್ಚುಗಾರನ ಅನಂತ ನಮಸ್ಕಾರಗಳು. ತಮ್ಮ ಮುಚ್ಚಳ ಸದಾ ಬಿಗಿಯಾಗಿರಲಿ, ತಮ್ಮ ಹೊಟ್ಟೆಯನ್ನು ಯಾರೂ ನಡುವೆ ಹಿಸುಕದಿರಲಿ ಎಂದು ಹಾರೈಸಿ ನನ್ನ ದೂರಿಗೆ ಬರುತ್ತೇನೆ.

ನಮ್ಮ ಕಾರ್ಖಾನೆಯ ಶೀತಯಂತ್ರದಲ್ಲಿ ತಂಪು ತೋರಿಸುವ ಮುಳ್ಳು ಏಳು ವರ್ಷದ ಹಿಂದೆ ಕೆಟ್ಟು ನಿಂತದ್ದು ಇನ್ನೂ ಅಲ್ಲೇ ನಿಂತಿದೆ. ಅಂದಿನಿಂದ ಆ ಮುಳ್ಳಿನ ಕೆಲಸವನ್ನು ನೋಡಿಕೊಂಡದ್ದು ನನ್ನ ಕೆಳದವಡೆಯ ಎಡಗಡೆಯ ಹಲ್ಲು. ನಾನು ಬಿಳಿ ಕೋಟು ತೊಟ್ಟು, ಎತ್ತರದ ಸ್ಟೂಲಿನ ಮೇಲೆ ಕುಳಿತು, ಒಂದು ತುಂಡು ಕಚ್ಚಿ ‘ಸ್ಸ್’ ಎಂದರೆ ಇನ್ನೂ ಗಟ್ಟಿಯಾಗಬೇಕು, ‘ಅಮ್ಮಾ’ ಎಂದರೆ ಲಾರಿಗೆ ತುಂಬಬಹುದು, ‘ಅಯ್ಯೋ ಸತ್ತೆ’ ಎಂದರೆ ಯಂತ್ರ ಆರಿಸಬೇಕು. ಮಹಡಿಯ ಮೇಲಿನ ಮ್ಯಾನೇಜರು ನನ್ನ ಕೂಗು ಕೇಳಿಯೇ ಕಾಗದಕ್ಕೆ ಸಹಿ ಹಾಕುತ್ತಿದ್ದರು. ನಾನು ಬಾಯಿ ತೆರೆದರೆ ಇಡೀ ಕಾರ್ಖಾನೆ ಉಸಿರು ಬಿಗಿಹಿಡಿಯುತ್ತಿತ್ತು ಎಂದರೆ ತಾವು ಜಂಭವೆಂದು ತಿಳಿಯಬಾರದು.

ಹೀಗಿರಲು, ನನ್ನ ಅಕ್ಕನ ಗಂಡ, ಅಂದರೆ ಅದೇ ಕಾರ್ಖಾನೆಯಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದ ಭಾವ, ಒಂದು ಭಾನುವಾರ ತಮ್ಮನ್ನು ಮನೆಗೆ ಕರೆತಂದ. “ಎಷ್ಟು ದಿನ ಅಂತ ಒದ್ದಾಡ್ತೀಯೋ, ಬೆಳಿಗ್ಗೆ ರಾತ್ರಿ ಇದ್ರಲ್ಲಿ ಉಜ್ಜು” ಎಂದು ಬೆನ್ನು ಸವರಿದ. ಇಂಥ ಭಾವ ಯಾರಿಗುಂಟು ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

ತಮ್ಮ ಕಾರ್ಯವೈಖರಿಯನ್ನು ದಂತವೈದ್ಯೆ ನನಗೆ ಆಮೇಲೆ ವಿವರಿಸಿದರು. ಒಸಡು ಸರಿದು ಹಲ್ಲಿನ ಒಳಪದರ ಬಯಲಾದಾಗ, ಅಲ್ಲಿರುವ ಕಣ್ಣಿಗೆ ಕಾಣದ ಕೊಳವೆಗಳ ಮೂಲಕ ತಂಪು ನೇರ ನರದ ಬಾಗಿಲು ತಟ್ಟುತ್ತದಂತೆ. ತಮ್ಮಂಥವರಲ್ಲಿ ಕೆಲವರು ಆ ಕೊಳವೆಗಳನ್ನು ಮುಚ್ಚುತ್ತೀರಂತೆ, ಕೆಲವರು ನರಕ್ಕೇ ಸಮಾಧಾನ ಹೇಳಿ ಸುಮ್ಮನಾಗಿಸುತ್ತೀರಂತೆ. ಅದೂ ಒಂದೇ ದಿನದಲ್ಲಿ ಅಲ್ಲ, ವಾರಗಟ್ಟಲೆ, ತಾಳ್ಮೆಯಿಂದ. ಸರಕಾರಿ ಕಚೇರಿಯಲ್ಲೂ ಕಾಣದ ಇಂಥ ಕರ್ತವ್ಯನಿಷ್ಠೆಯನ್ನು ತಾವು ನನ್ನ ಹಲ್ಲಿನ ಮೇಲೆಯೇ ತೋರಿಸಬೇಕಿತ್ತೇ?

ನಾಲ್ಕನೆಯ ವಾರ ತುಂಡು ಕಚ್ಚಿದೆ. ಏನೂ ಆಗಲಿಲ್ಲ. ಇನ್ನೊಂದು ಕಚ್ಚಿದೆ. ರುಚಿಯಾಗಿತ್ತು. ಏಳು ವರ್ಷದಲ್ಲಿ ಮೊದಲ ಬಾರಿಗೆ ಅದು ಮಾವಿನ ಹಣ್ಣಿನದೆಂದು ತಿಳಿಯಿತು. ಕೆಳಗೆ ಲಾರಿ ಕಾಯುತ್ತಿತ್ತು, ಮೇಲೆ ಮ್ಯಾನೇಜರು ಪೆನ್ನು ಹಿಡಿದು ಕಿವಿಗೊಟ್ಟಿದ್ದರು; ದಿಕ್ಕು ತೋಚದೆ ಅಂದಾಜಿನ ಮೇಲೆ ‘ಅಮ್ಮಾ’ ಎಂದುಬಿಟ್ಟೆ. ಆ ಲಾರಿ ಹೋದ ಮದುವೆಯ ಮನೆಯಲ್ಲಿ ಐಸ್‌ಕ್ರೀಮನ್ನು ಲೋಟದಲ್ಲಿ ಹಂಚಿದರಂತೆ. ಮರುದಿನ ಮ್ಯಾನೇಜರು ನನ್ನನ್ನು ಕರೆದು, “ನಿಮ್ಮ ನೋವಿನ ಮೇಲೆ ನಂಬಿಕೆ ಹೋಯ್ತು ಕಣ್ರೀ” ಎಂದರು. ಬಿಳಿ ಕೋಟು ಬಿಚ್ಚಿಸಿಕೊಂಡು ಚೀಟಿ ಅಂಟಿಸಲು ಕೂರಿಸಿದರು. ಅವಮಾನದಿಂದ ಮೂರು ದಿನ ಊಟ ಸೇರಲಿಲ್ಲ.

ಉಜ್ಜುವುದು ಬಿಟ್ಟರೆ ಜುಮ್ಮೆನ್ನುವುದು ಮರಳಬಹುದೆಂಬ ವೈದ್ಯೆಯ ಎಚ್ಚರಿಕೆಯನ್ನೇ ಆಶೀರ್ವಾದವೆಂದು ಭಾವಿಸಿ, ಹತ್ತೊಂಬತ್ತು ದಿನಗಳಿಂದ ತಮ್ಮನ್ನು ಮುಟ್ಟಿಲ್ಲ. ಆದರೂ ಹಲ್ಲು ಹಾಯಾಗಿದೆ. ಆದ್ದರಿಂದ ತಾವು ದಯಮಾಡಿ ನನ್ನ ಒಂದೇ ಒಂದು ಹಲ್ಲಿನ ಕೊಳವೆಗಳನ್ನು ಕೆಲಸದ ದಿನಗಳಲ್ಲಿ ಹತ್ತರಿಂದ ಐದರವರೆಗೆ ತೆರೆದಿಟ್ಟು, ಮನೆಗೆ ಬಂದೊಡನೆ ಮುಚ್ಚುವ ವ್ಯವಸ್ಥೆ ಮಾಡಬೇಕು. ಆಗದಿದ್ದರೆ, ನನಗೆ ನಿಜವಾಗಿಯೂ ನೋಯುತ್ತಿತ್ತೆಂದು ಮ್ಯಾನೇಜರಿಗೆ ಒಂದು ಪ್ರಮಾಣಪತ್ರವನ್ನಾದರೂ ಬರೆದುಕೊಡಬೇಕಾಗಿ ವಿನಂತಿ.

ನೋವಿಲ್ಲದೆ ನರಳುತ್ತಿರುವ,
ತಮ್ಮ ವಿಶ್ವಾಸಿ,
ಮಾಜಿ ಕಚ್ಚುಗಾರ

ಮರೆತ ಮಾತು: ನನ್ನ ಸ್ಟೂಲಿನ ಮೇಲೆ ಈಗ ಭಾವ ಕೂರುತ್ತಾನೆ. ಅವನಿಗೂ ಹಲ್ಲು ಜುಮ್ಮೆನ್ನುತ್ತದೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಪಾಪ. ಅವನ ‘ಅಮ್ಮಾ’ ಕೇಳಿದರೆ ನನ್ನ ಕರುಳು ಚುರ್ ಎನ್ನುತ್ತದೆ. ಅದಕ್ಕೇ ಇಂದು ಸಂಜೆ ತಮ್ಮನ್ನು ಬಣ್ಣದ ಕಾಗದದಲ್ಲಿ ಸುತ್ತಿ, ಅಕ್ಕನ ಕೈಗೇ ಕೊಟ್ಟು, ಭಾವನಿಗೆ ಬೆಳಿಗ್ಗೆ ರಾತ್ರಿ ತಪ್ಪದೆ ಉಜ್ಜಿಸಬೇಕೆಂದು ಹೇಳಿಬರುತ್ತೇನೆ. ನಾಲ್ಕು ವಾರ ಸಾಕಲ್ಲವೇ?