ಮಸುಕು ಗಾಜಿನ ಹಿಂದೆ ಸಾಹೇಬರು

ಸಾಹೇಬರ ಕೋಣೆಯ ಮರದ ಬಾಗಿಲಿಗೆ ಗೆದ್ದಲು ಹಿಡಿದದ್ದೇ ಗುಮಾಸ್ತನ ಗ್ರಹಚಾರಕ್ಕೆ ಮೂಲ. ಮರವಿದ್ದಾಗ ಒಳಗೆ ಸಾಹೇಬರಿದ್ದಾರೋ ಸೈತಾನನಿದ್ದಾನೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಹೊಸ ಬಾಗಿಲು ಮಸುಕು ಗಾಜಿನದು. ಬೆಳಕನ್ನು ಬಿಡುತ್ತದೆ, ಮುಖವನ್ನು ಬಿಡುವುದಿಲ್ಲ. ಒಳಗೆ ಕೂತವರು ಹಾಲಿಗೆ ಬಿದ್ದ ನೊಣದಂತೆ ಬರೀ ಕಪ್ಪು ಆಕಾರ.

ಸಾಹೇಬರಿಗೆ ಮಧ್ಯಾಹ್ನದ ಸಿನಿಮಾ ಹುಚ್ಚು. ಗುಮಾಸ್ತನಿಗೋ ತವರಿನಲ್ಲಿ ಹೆತ್ತ ಹೆಂಡತಿ, ಇನ್ನೂ ಮುಖ ನೋಡದ ಚೊಚ್ಚಲ ಮಗಳು, ಆ ವರ್ಷಕ್ಕೆ ಉಳಿದಿದ್ದ ಒಂದೇ ಒಂದು ರಜೆ. ಜೊತೆಗೆ ಸಾಹೇಬರ ಅಳತೆಯದೇ ಹೊಟ್ಟೆ, ಯಾರ ದನಿಯನ್ನಾದರೂ ಕದಿಯುವ ಗಂಟಲು.

“ನೋಡಪ್ಪಾ, ನನ್ನ ಕೋಟು ಹಾಕ್ಕೊಂಡು ನನ್ನ ಕುರ್ಚೀಲಿ ಕೂತ್ಕೋ. ಬೆನ್ನ ಹಿಂದೆ ಟೇಬಲ್ ಲ್ಯಾಂಪ್ ಇರ್ಲಿ. ಗಾಜಿನ ಮೇಲೆ ನೆರಳು ಬಿದ್ರೆ ಸಾಕು, ಎಲ್ಲಾ ಕೆಲಸ ಮಾಡ್ತಾರೆ. ನಾಳೆ ನೀನು ಮಗೂನ ನೋಡೋಕೆ ಹೋಗು!” ಎಂದು ಸಾಹೇಬರು ಹಿಂಬಾಗಿಲಿನಿಂದ ಜಾರಿದರು.

ಗುಮಾಸ್ತ ಹಿಗ್ಗಿನಿಂದ ಹಿಂದಕ್ಕೆ ಒರಗಿದ. ದೀಪಕ್ಕೆ ಹತ್ತಿರವಾದದ್ದೇ ತಡ, ನೆರಳು ಗಾಜಿನ ತುಂಬ ಉಬ್ಬಿತು.

“ಅಯ್ಯೋ, ಸಾಹೇಬ್ರು ಊದ್ಕೊಳ್ತಿದ್ದಾರೆ ಕಣ್ರೀ!” ಹೊರಗೆ ಟೈಪಿಸ್ಟಮ್ಮ ಕಿರುಚಿದಳು. “ಬೆಳಗ್ಗಿಂದ ಯಾರು ಸಿಟ್ಟು ಬರ್ಸಿದ್ದು?”

ಹರಟೆ ಗಪ್‌ಚಿಪ್. ಟೈಪ್ ಮಷೀನು ಜೋಳ ಸಿಡಿದಂತೆ ಸಿಡಿಯತೊಡಗಿತು. ಗುಮಾಸ್ತ ಒಂದು ಬೆರಳೆತ್ತಿದ. ಗಾಜಿನ ಮೇಲೆ ಒನಕೆ ಎದ್ದಿತು. ಆಹಾ! ಅಧಿಕಾರವೆಂದರೆ ಇದು!

ಸಾಹೇಬರ ಕೋಪ ಇಳಿಸಲು ಟೈಪಿಸ್ಟಮ್ಮ “ಒಳಗೆ ಸಾಹೇಬರಿದ್ದಾರೆ, ಸದ್ದು ಬೇಡ” ಎಂದು ಬರೆದು ತಂದು, ಅಂಟುಟೇಪಿನಿಂದ ಬಾಗಿಲಿಗೆ ಒತ್ತಿ ಒತ್ತಿ ಅಂಟಿಸಿದಳು. ಗಾಜಿನ ಒರಟು ಮೈ ಹೊರಗಿತ್ತು. ಟೇಪು ಕೂತಲ್ಲೆಲ್ಲ ಮಸುಕು ಮಾಯ; ಗಾಜು ತಿಳಿನೀರು! ಆ ಪಟ್ಟಿಯಲ್ಲಿ ಅವಳ ಕನ್ನಡಕ ಮಿಂಚಿದ್ದನ್ನು ಕಂಡ ಗುಮಾಸ್ತ ಕುರ್ಚಿಯನ್ನು ಗಿರ್ರನೆ ತಿರುಗಿಸಿ ಬಾಗಿಲಿಗೆ ಬೆನ್ನು ಹಾಕಿದ.

ಅಷ್ಟರಲ್ಲಿ ಹೆಡ್ ಕ್ಲರ್ಕು ಬಂದ. ಟೇಪಿನ ಪಟ್ಟಿಗೆ ಅವನ ಒಂದು ಕಣ್ಣು ಮೆತ್ತಿಕೊಂಡಿತು. ಕಂಡದ್ದು ಕೋಟಿನ ಬೆನ್ನು ಮಾತ್ರ.

“ಸಾರ್, ಆ ಮಿಮಿಕ್ರಿ ಗುಮಾಸ್ತ ಊಟ ಆದ್ಮೇಲೆ ಸೀಟಲ್ಲೇ ಇಲ್ಲ. ಇವತ್ತಿಗೆ ಅವನ ಉಳಿದಿರೋ ಒಂದು ರಜಾನ ಕತ್ತರಿಸಿ ಹಾಕ್ಬಿಡ್ಲಾ?”

“ಬೇಡ… ಬೇಡ ಕಣ್ರೀ. ಪಾಪ, ಮನೇಲಿ ಮಗು ಹುಟ್ಟಿದೆ,” ಎಂದ ಗುಮಾಸ್ತ ಸಾಹೇಬರ ದನಿಯಲ್ಲಿ.

ಹೊರಗೆ ಪಿಸುಮಾತು: “ನಮ್ಮ ಸಾಹೇಬ್ರು ‘ಪಾಪ’ ಅಂದ್ರಾ? ಒಳಗಿರೋದು ಯಾರ್ರೀ? ತೆಗೀರಿ ಬಾಗಿಲು!”

ಹಿಡಿ ತಿರುಗಿತು. ಗುಮಾಸ್ತ ಇದ್ದಬದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಗುಡುಗಿದ: “ಪರೀಕ್ಷೆ ಮಾಡ್ದೆ ಕಣ್ರೀ, ಕರುಣಾಮಯಿಗಳಾ! ಕತ್ತರಿಸಿ ಹಾಕ್ರೀ ಅವನ ರಜಾನ! ಈಗ್ಲೇ ಹಾಕ್ರೀ!”

“ಇವ್ರೇ ಕಣ್ರೀ, ಇವ್ರೇ ನಮ್ಮ ಸಾಹೇಬ್ರು!” ಎಂದು ಹೆಡ್ ಕ್ಲರ್ಕು ರಜಾ ಪುಸ್ತಕದ ಕಡೆ ಖುಷಿಯಿಂದ ಓಡಿದ.

ಸಂಜೆ ಸಾಹೇಬರು ಸಿನಿಮಾದ ಹಾಡು ಗುನುಗುತ್ತ ಹಿಂಬಾಗಿಲಿನಿಂದ ಒಳಬಂದರು. “ಭೇಷ್! ಒಬ್ರಿಗೂ ಗೊತ್ತಾಗ್ಲಿಲ್ವಲ್ಲೋ! ಕೊಡು ಅರ್ಜಿ, ಸಹಿ ಹಾಕ್ತೀನಿ.”

“ರಜಾನೇ ಉಳಿದಿಲ್ಲ ಸಾರ್,” ಗುಮಾಸ್ತ ಕೋಟು ಬಿಚ್ಚುತ್ತ ಮುಲುಗಿದ.

“ಯಾವ ಕಲ್ಲೆದೆಯವನೋ ಅದನ್ನ ಕತ್ತರಿಸಿದ್ದು?”

“ನೀವೇ ಸಾರ್,” ಎಂದ ಗುಮಾಸ್ತ. “ಇಡೀ ಆಫೀಸೇ ಕೇಳಿಸ್ಕೊಂಡಿದೆ.”