ಹಿರಿಯ ಡಿಸ್ಕಿಗೆ ಮೊದಲ ಮರ್ಯಾದೆ

“ನೋಡೇ, ಈ ಪೆಟ್ಟಿಗೆಯೊಳಗೆ ಮೂರು ಹಾರ್ಡ್ ಡಿಸ್ಕ್ ಇದಾವೆ. ಒಂದು ಮುದಿ ಡಿಸ್ಕು, ಅದರಲ್ಲಿ ಏನೂ ಇಲ್ಲ, ಸುಮ್ಮನೆ ತಿರುಗ್ತಾ ಇರುತ್ತೆ. ನಡುವಿನದು ನಿನ್ನದು, ನಿನ್ನ ಕಸೂತಿ ಚಿತ್ರಗಳೆಲ್ಲ ಅಲ್ಲೇ ಇರೋದು. ಮೂರನೇದು ಹೊಚ್ಚ ಹೊಸದು, ಅದಕ್ಕೆ ನಾನು ಲಿನಕ್ಸ್ ಹಾಕ್ತೀನಿ, ಕಂಪ್ಯೂಟರ್ ನಡೆಸೋ ಇನ್ನೊಂದು ವ್ಯವಸ್ಥೆ ಅದು. ನಿನ್ನದರ ಒಂದು ಕೂದಲೂ ಕೊಂಕೋದಿಲ್ಲ! ಕಂಪ್ಯೂಟರ್ ಎದ್ದ ತಕ್ಷಣ ‘ಯಾರು ಬೇಕು?’ ಅಂತ ಕೈಕಟ್ಟಿ ಕೇಳುತ್ತೆ. ನೀನು ನಿನ್ನದು ಒತ್ತು, ನಾನು ನನ್ನದು ಒತ್ತುತ್ತೀನಿ. ಹಾಗೆ ಬಾಗಿಲಲ್ಲಿ ನಿಂತು ಕೇಳೋನಿಗೇ ಬೂಟ್‌ಲೋಡರ್ ಅನ್ನೋದು. ಅವನನ್ನ ಕೂರಿಸೋದು ನನಗೆ ನೀರು ಕುಡಿದಷ್ಟು ಸುಲಭ. ನೀನು ಸ್ನಾನ ಮುಗಿಸಿ ಬಾ, ಅಷ್ಟರಲ್ಲಿ ಮುಗಿದಿರುತ್ತೆ!”

ಹೀಗೆಂದು ಯಜಮಾನರು ಅಂಗಿಯ ತೋಳು ಮಡಿಸಿದರು.

“ಬ್ಯಾಂಡ್ ಮೇಷ್ಟ್ರ ಕೋಟೊಂದು ಬಾಕಿ ಇದೆ ರೀ,” ಎಂದಳು ಹೆಂಡತಿ. “ಸಂಜೆ ಅವರು ನುಡಿಸಬೇಕು. ನಾಳೆ ಮಾಡಿ.”

“ನಾಳೆ ಎಂದವನ ಮನೆ ಹಾಳು!”

ಹಾಳಾಗಲು ಆ ಮನೆ ನಾಳೆಯವರೆಗೆ ಕಾಯಲಿಲ್ಲ. ವಾದ್ಯತಂಡದ ಕೋಟುಗಳಿಗೆಲ್ಲ ಚಿನ್ನದ ದಾರದಲ್ಲಿ ತುತ್ತೂರಿ ಹಾಕಿಕೊಡುವುದು ಅವಳಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ. ತುತ್ತೂರಿಯ ಚಿತ್ರವಿದ್ದದ್ದು ಕಂಪ್ಯೂಟರಿನಲ್ಲಿ. ಅಲ್ಲಿಂದ ಕಸೂತಿ ಯಂತ್ರಕ್ಕೆ ಇಳಿಯಬೇಕು. ಅವಳು ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ, ಪರದೆ ಕಾವಲಿಯ ತಳದಂತೆ ಕಪ್ಪಗೆ! ಮೂಲೆಯಲ್ಲಿ ಒಂದೇ ಸಾಲು: ಅದು ಹುಡುಕುತ್ತಿರುವ ಭಾಗವೇ ಡಿಸ್ಕಿನಲ್ಲಿ ಇಲ್ಲವಂತೆ.

“ಏನ್ರೀ ಇದು?”

“ಅದು... ಯೋಚನೆ ಮಾಡ್ತಾ ಇದೆ.”

“ಅದಾ, ನೀವಾ?”

ಯಜಮಾನರು ಕಂಪ್ಯೂಟರನ್ನು ಆರಿಸಿದರು, ಹಚ್ಚಿದರು. ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಒಳಗೆ ಬಾಯಿ ಹಾಕಿ ಊದಿದರು. ಮೀಸೆ ಧೂಳಿಂದ ಬೆಳ್ಳಗಾಯಿತೇ ಹೊರತು ಪರದೆ ಬೆಳ್ಳಗಾಗಲಿಲ್ಲ. ಅಷ್ಟರಲ್ಲಿ ಬ್ಯಾಂಡ್ ಮೇಷ್ಟ್ರು ಬಂದು ನಡುಮನೆಯಲ್ಲಿ ಕೂತೇಬಿಟ್ಟರು.

“ಅಮ್ಮಾವ್ರೇ, ನಮ್ಮ ಕೋಟು?”

“ಆಗ್ತಾ ಇದೆ, ಕೂತಿರಿ,” ಎಂದಳು. ದನಿ ಮಾತ್ರ ನಡುಗಿತು. ಆ ನಡುಕ ಕೇಳಿದ್ದೇ ಯಜಮಾನರ ಜಂಬವೆಲ್ಲ ಜರ್ರನೆ ಇಳಿಯಿತು.

“ನಿನ್ನದನ್ನ ಮುಟ್ಟಿಲ್ಲ ಕಣೇ, ಸತ್ಯವಾಗಿ.”

“ಹಾಗಾದ್ರೆ ಒಂದೊಂದೇ ಹೇಳಿ. ಆ ಬಾಗಿಲು ಕಾಯೋನನ್ನ ಎಲ್ಲಿ ಕೂರಿಸಿದ್ರಿ?”

“ಹೊಸ ಡಿಸ್ಕಲ್ಲಿ.”

“ಕಂಪ್ಯೂಟರ್ ಮೊದಲು ಯಾರ ಬಾಗಿಲು ತಟ್ಟುತ್ತೆ?”

“ಮುದಿ ಡಿಸ್ಕಿಂದು.”

“ಯಾಕಂತೆ?”

ಯಜಮಾನರು ಕತ್ತು ಕೆರೆದುಕೊಂಡರು. “ಯಾರನ್ನ ಮೊದಲು ಎಬ್ಬಿಸಲಿ ಅಂತ ಕೇಳ್ತು. ವಯಸ್ಸಿನ ಪ್ರಕಾರ ಹಾಕಿದೆ. ಹಿರಿಯರಿರುವಾಗ ಚಿಕ್ಕೋರನ್ನ ಮುಂದೆ ಬಿಡೋದು ಚೆನ್ನಾಗಿರಲ್ಲ ಅಂತ...”

ಆ ಮನೆಯ ರೀತಿಯೇ ಹಾಗೆ. ಬಿಸಿನೀರು, ಪೇಪರು, ಫ್ಯಾನಿನ ಗಾಳಿ, ಎಲ್ಲವೂ ಮೊದಲು ಯಜಮಾನರ ಅಮ್ಮನಿಗೆ, ಆಮೇಲೆ ಉಳಿದವರಿಗೆ. ಆದರೆ ಮುದಿ ಡಿಸ್ಕಿನಲ್ಲಿ ಯಜಮಾನರೇ ಹಿಂದೊಮ್ಮೆ ಕೂರಿಸಿದ್ದ ಬಾಗಿಲು ಕಾಯುವವನೊಬ್ಬ ಇನ್ನೂ ಇದ್ದ. ಅವನು ಕಾಯುತ್ತಿದ್ದ ಮನೆಯನ್ನು, ಅಂದರೆ ಅಲ್ಲಿದ್ದ ಹಳೆಯ ಲಿನಕ್ಸನ್ನು, ಇವರೇ ಅಳಿಸಿಹಾಕಿದ್ದರು. ಪಾಪ, ಎಬ್ಬಿಸಿದ ಕೂಡಲೆ ಅವನು ಇಲ್ಲದ ಮನೆಯನ್ನು ಹುಡುಕಿ ಹುಡುಕಿ ಅಲ್ಲೇ ನಿಂತುಬಿಡುತ್ತಿದ್ದ!

ಕೋಣೆಯೊಳಗಿಂದ ಅಮ್ಮ ಕೂಗಿದರು: “ಅಯ್ಯೋ ಮಂಕೇ! ಹಿರಿಯರಿಗೆ ಕುರ್ಚಿ ಕೊಡು. ದಾರಿ ಮಾತ್ರ ಗೊತ್ತಿರೋರನ್ನ ಕೇಳು. ನನ್ನನ್ನ ಕೇಳಿದ್ರೆ ನಾನೂ ಮಾರಿಬಿಟ್ಟ ಹಳೇ ಮನೆಗೇ ಕಳಿಸ್ತೀನಿ!”

ಯಜಮಾನರು ಸರದಿ ಬದಲಿಸಿ ಹೊಸದನ್ನು ಮುಂದಕ್ಕೆ ತಂದರು. ಪರದೆ ಬೆಳಗಿತು. ‘ಯಾರು ಬೇಕು?’ ಎಂದಿತು. ಅವಳು ಉಸಿರು ಬಿಗಿಹಿಡಿದು ತನ್ನದನ್ನು ಒತ್ತಿದಳು. ತುತ್ತೂರಿ ಕೂದಲೂ ಕೊಂಕದೆ ಕೂತಿತ್ತು! ಕಸೂತಿ ಯಂತ್ರ ಟಕಟಕನೆ ಹೊಲಿಯತೊಡಗಿತು.

ಯಜಮಾನರ ಮೀಸೆ ಮತ್ತೆ ಮೇಲೆದ್ದಿತು. “ನೋಡಿ ಮೇಷ್ಟ್ರೇ, ಒಳಗೆ ಮೂರು ಡಿಸ್ಕ್! ನಾನಿಲ್ಲದೆ ಹೋಗಿದ್ರೆ ಇವತ್ತು ನಿಮ್ಮ ಕೋಟು...”

ಮೇಷ್ಟ್ರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಕೋಟು ಸಿದ್ಧವಾದ ಮೇಲೆ ತೊಟ್ಟು, ಎದೆಯ ಮೇಲಿನ ತುತ್ತೂರಿಯನ್ನು ನೇವರಿಸಿ, ಅವಳಿಗೆ ಕೈಮುಗಿದರು. ಆಮೇಲೆ ಯಜಮಾನರತ್ತ ತಿರುಗಿದರು.

“ನಮ್ಮ ತಂಡದಲ್ಲೂ ನಿಮ್ಮಂಥ ಹುರುಪಿನೋರು ಒಬ್ಬರಿದ್ದಾರೆ ಸ್ವಾಮಿ. ಬಹಳ ಒಳ್ಳೇ ಮನುಷ್ಯ. ಅದಕ್ಕೇ ಅವರ ಕೈಗೆ ವಾದ್ಯ ಕೊಡೋದಿಲ್ಲ, ಹೊರೋಕೆ ಅದರ ಪೆಟ್ಟಿಗೆ ಕೊಡ್ತೀವಿ.”

ಹೆಂಡತಿ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಗಂಡನ ಮೀಸೆಯ ಧೂಳು ಒರೆಸಿದಳು. ಆಮೇಲೆ ಪೊರಕೆಯನ್ನು ಅವರ ಕೈಗಿತ್ತಳು. ಯಜಮಾನರು ಬಗ್ಗಿ, ಯಂತ್ರದ ಕೆಳಗೆ ಉದುರಿದ್ದ ದಾರದ ತುಂಡುಗಳನ್ನು ಗುಡಿಸತೊಡಗಿದರು.