ಕರದಂಟು ಕಡಿಯಗೊಡದ ಮೂರನೆಯ ಬೇರಿಗೆ

ನನ್ನ ಬಲದವಡೆಯ ಮೇಲಿನ ಸಾಲಿನಲ್ಲಿ, ಹಿಂಬದಿಯ ಹಲ್ಲಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿರುವ ಮಹಾರಾಜಶ್ರೀ ಮೂರನೆಯ ಬೇರಿನವರ ಸನ್ನಿಧಿಗೆ, ಮೂಡಲಗಿಯ ಬಸವಣ್ಣೆಪ್ಪನು ಊದಿದ ಗಲ್ಲದ ಮೇಲೆ ಒಂದು ಕೈಯಿಟ್ಟು, ಉಳಿದ ಒಂದೇ ಕೈಯಿಂದ ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ಸುಗ್ಗಿಯಲ್ಲಿ ನಾನು ಘಟಪ್ರಭಾದಲ್ಲಿ ರೈಲು ಹತ್ತಿ ಬೆಳಗಾವಿಯ ಹಲ್ಲಿನ ಡಾಕ್ಟರರ ಬಳಿಗೆ ಹೋದದ್ದು ತಮಗೆ ನೆನಪಿರಬಹುದು. ಅವರು ದರ್ಜಿಯ ಮಿಶಿನ್ನಿನಂತೆ ಕಾಲಿನಿಂದ ತುಳಿಯುವ ಬೈರಿಗೆಯಿಂದ ಹಲ್ಲು ಕೊರೆದು, ನರ ಎಳೆದು, ಬೇರಿನೊಳಗೆ ಮೇಣ ತುಂಬಿ, ಇನ್ನು ಕಲ್ಲನ್ನಾದರೂ ಕಡಿಯಿರೆಂದು ಬೆನ್ನು ತಟ್ಟಿ ಕಳಿಸಿದರು. ಅವರು ತುಂಬಿದ್ದು ಎರಡೇ ಬೇರು. ತಾವು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಅಡಗಿದ್ದಿರಿ. ಸಹೋದರರಿಬ್ಬರೂ ತೀರಿಕೊಂಡ ಮನೆಯಲ್ಲಿ ಒಬ್ಬರೇ ಇಷ್ಟು ಗದ್ದಲದಿಂದ ಬಾಳುವ ತಮ್ಮ ಎದೆಗಾರಿಕೆಗೆ ತಲೆಬಾಗುತ್ತೇನೆ. ಬಾಗಿದರೆ ನೋವು ಹೆಚ್ಚುತ್ತದೆ, ಇರಲಿ.

ಆದರೆ ಹೋದ ಸೋಮವಾರ ತಾವು ಮಾಡಿದ್ದು ಸರಿಯೇ? ನನ್ನ ಮಗ ಸೋಮಪ್ಪನಿಗೆ ಮಗಳನ್ನು ಕೊಡುವ ಮಾತಿಗೆ ಹುಕ್ಕೇರಿಯಿಂದ ಉದ್ದಪ್ಪನವರು ಬಂದಿದ್ದರು. ನಮ್ಮ ಮನೆತನಗಳಲ್ಲಿ ಬೀಗರಿಬ್ಬರೂ ಎದುರುಬದುರು ಕುಳಿತು ಗೋಕಾಕದ ಕರದಂಟು ಕಡಿದರೆ ಮಾತು ಪಕ್ಕಾ. ಕಡಿಯದಿದ್ದರೆ ಸಂಬಂಧ ಬೇಡವೆಂದು ಅರ್ಥ. ನಾನು ಬಾಯಿ ತೆರೆದೆ, ತಾವು ಎದ್ದಿರಿ. ಹಲ್ಲುನೋವು ಎನ್ನೋಣವೆಂದರೆ, ಸಂಬಂಧ ಒಲ್ಲದವರು ನಮ್ಮ ಕಡೆ ತಲೆತಲಾಂತರದಿಂದ ಹೇಳುತ್ತ ಬಂದ ನೆಪವೇ ಅದು. ಹೀಗಾಗಿ ಕರದಂಟನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತವನಂತೆ ಕುಳಿತೆ. ಉದ್ದಪ್ಪನವರೂ ಕಡಿಯಲಿಲ್ಲ. ಮುಖ ಗಂಟಿಕ್ಕಿ ಎದ್ದು ಬಂಡಿ ಹತ್ತಿದರು.

ಉದ್ದಪ್ಪನವರ ಮಗಳನ್ನು ಬಿಟ್ಟು ಬೇರೆಯವಳನ್ನು ಒಲ್ಲೆನೆಂದು ಸೋಮಪ್ಪ ಊಟ ಬಿಟ್ಟಿದ್ದಾನೆ. ನನ್ನ ಹೆಂಡತಿ ಗೌರವ್ವನಂತೂ, “ಊರಿಗೆಲ್ಲಾ ಬುದ್ಧಿ ಹೇಳ್ತೀರಿ, ಬಾಯಾಗಿನ ಒಂದ ಹಲ್ಲು ನಿಮ್ಮ ಮಾತು ಕೇಳಂಗಿಲ್ಲೇನ್ರಿ?” ಎಂದು ನೆರೆಯವರಿಗೆ ಕೇಳುವಂತೆ ಕೇಳುತ್ತಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ. ಬರುವ ಗುರುವಾರ ಡಾಕ್ಟರರು ಹಳೆಯ ಮೇಣವನ್ನೆಲ್ಲ ಕೆದಕಿ ತೆಗೆದು, ಬೇರುಗಳನ್ನು ತೊಳೆದು, ಹೊಸದಾಗಿ ತುಂಬುವವರಿದ್ದಾರೆ. ಆಗ ತಾವು ದಯಮಾಡಿ ಬಾಗಿಲಿಗೆ ಬಂದು ನಿಲ್ಲಬೇಕು. ಅದು ಘನತೆಗೆ ಕುಂದೆನಿಸಿದರೆ, ಕರದಂಟು ಕಡಿಯುವಷ್ಟು ಹೊತ್ತು ಧುಪದಾಳದ ಒಡ್ಡಿನ ಮೇಲೆ ಗಾಳಿ ತಿಂದು ಬರಬೇಕು. ಬಂಡಿ ನಾನೇ ಕಟ್ಟಿಸುತ್ತೇನೆ. ಅದೂ ಆಗದಿದ್ದರೆ, ಉದ್ದಪ್ಪನವರ ಬಾಯಿಗಾದರೂ ವರ್ಗ ಮಾಡಿಸಿಕೊಳ್ಳಬೇಕು. ಆ ಮನುಷ್ಯನ ಬಿಗುಮಾನ ಇಳಿಸಲು ತಮ್ಮಂಥವರೇ ಬೇಕು.

ತಮ್ಮನ್ನು ಇಂದಿಗೂ ತಲೆಯಲ್ಲೇ ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಬಸವಣ್ಣೆಪ್ಪ, ಮೂಡಲಗಿ

ತಾ.ಕ.: ಹುಕ್ಕೇರಿಯಿಂದ ಬಳೆ ಮಾರಲು ಬಂದ ಫಕೀರವ್ವ ಈಗಷ್ಟೇ ಹೇಳಿದಳು: “ಉದ್ದಪ್ಪ ಕಾಕಾನೂ ಗಲ್ಲ ಹಿಡ್ಕೊಂಡ ಕುಂತಾರ್ರಿ. ಬೆಳಗಾವಿ ಡಾಕ್ಟರು ತುಂಬಿದ ಹಲ್ಲ ಮತ್ತ ಎದ್ದೈತಂತ. ಹೇಳಿದ್ರ ನೆಪ ಅಂತೀರಿ ಅಂತ ಅಂಜಿ ಸುಮ್ನ ಎದ್ದು ಬಂದ್ರಂತ.” ಗುರುವಾರ ಘಟಪ್ರಭಾ ಸ್ಟೇಶನ್ನಿಗೆ ಬನ್ನಿರೆಂದು ಅವರಿಗೆ ಹೇಳಿಕಳಿಸಿದ್ದೇನೆ. ಒಂದೇ ಡಾಕ್ಟರರ ಮುಂದೆ ಜೊತೆಯಾಗಿ ಬಾಯಿ ತೆರೆದು ಕುಳಿತವರು ಬೀಗರಾಗದೆ ಇನ್ನೇನಾದಾರು? ಮದುವೆಗೆ ಎರಡೂ ಊರನ್ನು ಕರೆಯುತ್ತೇನೆ. ತಾವು ಮಾತ್ರ ಅಷ್ಟರೊಳಗೆ ತೀರಿಕೊಂಡಿರಬೇಕಾಗಿ ವಿನಂತಿ.